ಅಡಿಗೆ ಎರಡು ನೂಲು

ಮಾರ್ಚ್ 3, ಸೋಮವಾರ

ದಿನಚರಿ ಬರೆಯುವ ಪೈಕಿಯವಳಲ್ಲ ನಾನು. ಆದರೆ ನನ್ನ ದಿನದ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಅಕ್ಕ ಹನ್ನೆರಡು ದಿನದಿಂದ ಆಸ್ಪತ್ರೆಯಲ್ಲಿದ್ದಾಳೆ. ಗೋಡೆಯ ಹತ್ತಿರ ಮಾತಾಡುವಷ್ಟು ತಲೆ ಇನ್ನೂ ಕೆಟ್ಟಿಲ್ಲ. ಹಾಗಾಗಿ ನನ್ನ ಟೈಲರಿಂಗ್ ಅಂಗಡಿಯ ಅಳತೆ ಪುಸ್ತಕವನ್ನೇ ತಿರುಗಿಸಿ ಹಿಂದಿನ ಪುಟದಿಂದ ಶುರು ಮಾಡಿದ್ದೇನೆ. ಮುಂದಿನಿಂದ ಗಿರಾಕಿಗಳ ಎದೆ, ಸೊಂಟ, ತೋಳು. ಹಿಂದಿನಿಂದ ನನ್ನ ತಲೆನೋವು. ಎರಡೂ ಒಂದನ್ನೊಂದು ಮುಟ್ಟುವುದರೊಳಗೆ ಬಚ್ಚಲುಮನೆಯ ಕೆಲಸ ಮುಗಿದಿರಬೇಕು.

ಅಕ್ಕ ಬಿದ್ದದ್ದು ಬಚ್ಚಲಲ್ಲಿ. ಸೊಂಟದ ಮೂಳೆ ಮುರಿಯಿತು, ಆಪರೇಶನ್ ಆಯಿತು, ಒಳಗೊಂದು ಸರಳು ಕೂತಿದೆ. ನಡೆಯುವುದನ್ನು ಕಲಿಸಿ ಇಪ್ಪತ್ತೆಂಟಕ್ಕೆ ಮನೆಗೆ ಬಿಡುತ್ತಾರೆ. ಯಾವ ಮನೆಗೆ ಎಂಬುದೇ ಈಗ ಪ್ರಶ್ನೆ. ಇವತ್ತು ತಮ್ಮ ಬಂದವನೇ, "ಅಕ್ಕ ನಮ್ಮನೆಗೆ ಬರಲಿ. ಇನ್ಮೇಲೆ ಅಲ್ಲೇ ಇರಲಿ. ರೂಮು ಖಾಲಿ ಮಾಡಿಸ್ತಿದೀನಿ" ಅಂದ. ನಾನು ಅಕ್ಕನ ಮುಖ ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಾ, "ಹೂಂ, ಆ ಬಚ್ಚಲಿಗೆ ನಾನು ಕಾಲಿಡಲ್ಲ" ಅಂದಳು.

ಐವತ್ತನಾಲ್ಕು ವರ್ಷ ಒಂದೇ ಸೂರಿನಡಿ ಬದುಕಿದವರು ನಾವು.

"ಹಾಳಾದ ಟೈಲ್ಸು, ಸವೆದು ನುಣ್ಣಗಾಗಿತ್ತು. ನೆಲಾನೇ ಕಿತ್ತು ಹೊಸದು ಹಾಕಿಸ್ತೀನಿ. ನೋಡಿ ಆಮೇಲೆ ಹೇಳು" ಅಂದೆ.

"ನೋಡ್ತೀನಿ. ಇರಬೇಕು ಅನ್ನಿಸಿದ್ರೆ ಇರ್ತೀನಿ. ಇಲ್ದಿದ್ರೆ ಬಂದ ಕಾರಲ್ಲೇ ತಮ್ಮನ ಮನೆಗೆ."

ಇಪ್ಪತ್ತೈದು ದಿನ ಇದೆ. ಮೂರು ದಿನದಲ್ಲಿ ಎಪ್ಪತ್ತು ಯೂನಿಫಾರಂ ಹೊಲಿದುಕೊಟ್ಟವಳು ನಾನು. ಐದಡಿ ಏಳಡಿಯ ನೆಲ ಯಾವ ಲೆಕ್ಕ?

ಮಾರ್ಚ್ 5, ಬುಧವಾರ

ಟೈಲ್ಸಿನ ಅಂಗಡಿಯಲ್ಲಿ ಎರಡು ಗಂಟೆ. ಎಲ್ಲ ಟೈಲ್ಸಿನ ಮೇಲೂ ಬೂದಿ ಬಣ್ಣ ಸುರಿದ ಹಾಗಿದೆ. ಒಂದೊಂದನ್ನೂ ನೆಲದ ಮೇಲೆ ಇಡಿಸಿ, ನೀರು ಚಿಮುಕಿಸಿ, ಚಪ್ಪಲಿ ಬಿಟ್ಟು ಹತ್ತಿ ನಿಂತೆ. ಅಂಗಡಿಯವನು, "ಮೇಡಂ, ಎಲ್ರೂ ಕಣ್ಣಲ್ಲಿ ಆರಿಸ್ತಾರೆ, ನೀವೊಬ್ರೇ ಕಾಲಲ್ಲಿ ಆರಿಸೋದು" ಅಂದ. ನಗಲಿ. ಒರಟು ಮೈಯ, ಜಾರದ ಟೈಲ್ಸು ಸಿಕ್ಕಿತು. ಒಂದಡಿಗೆ ಒಂದಡಿ, ಮೂವತ್ತೈದು ಸಾಕು, ಒಡೆಯುವುದಕ್ಕೆಂದು ಐದು ಹೆಚ್ಚಿಗೆ.

ಅಕ್ಕ ಬಿದ್ದ ದಿನದಿಂದ ನಮ್ಮ ಬಚ್ಚಲಿಗೆ ಹೋಗಲು ನನಗೂ ಮನಸ್ಸಿಲ್ಲ. ಕೆಲಸ ಮುಗಿಯುವ ತನಕ ಸ್ನಾನಕ್ಕೆ ಮೇಲಿನ ಮನೆಯಾಕೆ ತನ್ನ ಬಚ್ಚಲು ಬಿಟ್ಟುಕೊಟ್ಟಿದ್ದಾಳೆ. ಒಳ್ಳೆಯವಳೇ, ಆದರೆ ಬಾಯಿ. ಎರಡನೇ ದಿನವೇ, "ನೀವು ಸ್ನಾನ ಮಾಡಿ ಹೋದ್ಮೇಲೆ ನನ್ನ ಬಚ್ಚಲು ಕೆರೆ ಆಗಿರತ್ತೆ" ಅಂತ ನಗುತ್ತಾ ಚುಚ್ಚಿದಳು. ಸ್ನಾನ ಅಂದಮೇಲೆ ನೀರು ಬೀಳದೆ ಇರುತ್ತದೆಯೇ? ನಮ್ಮ ಬಚ್ಚಲಲ್ಲಿ ಇಷ್ಟು ವರ್ಷ ಒಂದು ದಿನವೂ ನೀರು ನಿಂತದ್ದು ನಾನು ನೋಡಿಲ್ಲ. ಅವಳ ನೆಲವೇ ಸರಿಯಿಲ್ಲ.

ಮಾರ್ಚ್ 6, ಗುರುವಾರ

ಟೈಲ್ಸಿನವನು ಬಂದ. ಐವತ್ತರ ಆಸುಪಾಸು, ಮಾತು ಕಮ್ಮಿ, ಮೊಣಕಾಲಿಗೆ ಹಳೆ ಟಯರಿನ ತುಂಡು ಕಟ್ಟಿಕೊಂಡಿದ್ದಾನೆ. ಬಂದವನು ಸುತ್ತಿಗೆ ಎತ್ತಲಿಲ್ಲ, ಒಂದು ಚೊಂಬು ನೀರು ಕೇಳಿದ. ಕುಡಿಯಲು ಅಂದುಕೊಂಡು ಲೋಟದಲ್ಲಿ ತಂದೆ. "ಕುಡಿಯೋಕಲ್ಲಮ್ಮ" ಅಂತ ಅದನ್ನು ಹಳೆಯ ನೆಲದ ನಡುವೆ ಸುರಿದ. ನೀರು ಜಾಲರಿಯ ಕಡೆ ಹೋಗಬೇಕಲ್ಲ? ಮೂಲೆಯ ಜಾಲರಿಗೆ ಬೆನ್ನು ತಿರುಗಿಸಿ ಸೀದಾ ಬಾಗಿಲ ಹತ್ತಿರ ಬಂದು ಹೊಸಿಲಿಗೆ ಒರಗಿ ನಿಂತಿತು.

"ವಾಟ ಉಲ್ಟಾ ಇದೆ" ಅಂದ. ನೀರು ಹರಿದುಹೋಗಲು ನೆಲಕ್ಕೆ ಕೊಡುವ ಇಳಿಜಾರಿಗೆ ಅವರು ವಾಟ ಅನ್ನುತ್ತಾರೆ. "ಇಷ್ಟು ವರ್ಷ ಹೇಗಿದ್ರಿ ಇದ್ರಲ್ಲಿ?"

"ಇಲ್ಲಿ ನೀರೇ ನಿಲ್ತಿರ್ಲಿಲ್ಲಪ್ಪ."

"ಯಾರೋ ತಳ್ತಿದ್ರು ಬಿಡಿ" ಅಂದು ಉಳಿ ಹಿಡಿದು ಕೂತ.

ಬಾಗಿಲ ಹಿಂದೆ ಹಳೆಯ ವೈಪರ್ ಇತ್ತು. ಅದರ ರಬ್ಬರು ಒಂದು ಪಕ್ಕ ಪೂರ್ತಿ ಸವೆದಿದೆ, ಕೋಲು ಹಿಡಿಯುವ ಜಾಗದಲ್ಲಿ ಬಣ್ಣ ಹೋಗಿ ಮಿರುಗುತ್ತಿದೆ. ಹೊಸ ನೆಲಕ್ಕೆ ಇದರ ಅಗತ್ಯವಿಲ್ಲವೆಂದು ಒಡೆದ ಚೂರು ತುಂಬುವ ಚೀಲಕ್ಕೆ ಹಾಕಿದೆ.

ಮಾರ್ಚ್ 8, ಶನಿವಾರ

ದಡ್ ದಡ್ ದಡ್. ಇಡೀ ಮನೆ ಧೂಳು. ಹೊಲಿದಿಟ್ಟ ಬಟ್ಟೆಯ ಮೇಲೂ ಧೂಳು, ಹಲ್ಲಿನ ಮೇಲೂ ಧೂಳು. ನೆಲ ಪೂರ್ತಿ ಎದ್ದಿದೆ. ಅಡಿಯಲ್ಲಿ ಅಪ್ಪನ ಕಾಲದ ಪೈಪು ತುಕ್ಕು ಹಿಡಿದು ಬೆರಳಿಟ್ಟರೆ ಪುಡಿಯಾಗುತ್ತದೆ. ಅದೂ ಬದಲಾಗಬೇಕು, ಎರಡು ದಿನ ಹೋಯಿತು.

ಮಾರ್ಚ್ 11, ಮಂಗಳವಾರ

ಅಕ್ಕ ವಾಕರ್ ಹಿಡಿದು ಎಂಟು ಹೆಜ್ಜೆ ನಡೆದಳು. ಒಂಬತ್ತನೆಯದಕ್ಕೆ ಬೆವರಿ ನಿಂತಳು. ಗ್ರಂಥಾಲಯದ ಏಣಿ ಹತ್ತಿ ಇಳಿದು ಮೂವತ್ತು ವರ್ಷ ಸಂಬಳ ತಂದವಳು. ನೋಡಲಾಗಲಿಲ್ಲ, ಚೀಲದಲ್ಲಿ ಏನೋ ಹುಡುಕುವ ಹಾಗೆ ಬಗ್ಗಿದೆ.

ವ್ಯಾಯಾಮ ಮಾಡಿಸುವ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಹೊಸಿಲು ಇರಬಾರದು. ನೆಲ ಸಮ ಇರಬೇಕು. ವಾಕರ್ ಕಾಲಿಗೆ ಸಣ್ಣದೊಂದು ಅಂಚು ತಾಗಿದ್ರೂ ಕಷ್ಟ. ಇನ್ನೊಂದ್ಸಲ ಬಿದ್ರೆ ಏಳೋದು ಕಷ್ಟ." ಸಮ ಎಂದು ಅಂಗೈಯಲ್ಲೇ ಬರೆದುಕೊಂಡು ಬಂದೆ.

ಹೊರಡುವಾಗ ಅಕ್ಕ ಕೇಳಿದಳು: "ಬಾಗಿಲ ಹಿಂದಿನ ವೈಪರ್ ಇಟ್ಟಿದ್ದೀಯಾ?"

"ಇದೆ" ಅಂದೆ. ಯಾಕೆ ಸುಳ್ಳು ಹೇಳಿದೆನೋ. ಬಂದು ಚೀಲಗಳನ್ನೆಲ್ಲ ಬಗೆದೆ. ಏಳನೆಯ ಚೀಲದ ತಳದಲ್ಲಿ ಸಿಕ್ಕಿತು. ತೊಳೆದು ನನ್ನ ಮಷಿನಿನ ಪಕ್ಕ ಒರಗಿಸಿದ್ದೇನೆ. ಹೋಗಿ ಬಂದ ಗಿರಾಕಿಗಳೆಲ್ಲ ಅದನ್ನೇ ನೋಡುತ್ತಾರೆ.

ಮಾರ್ಚ್ 14, ಶುಕ್ರವಾರ

ಟೈಲ್ಸಿನವನಿಗೂ ನನಗೂ ಆಗಿಬರುತ್ತಿಲ್ಲ. ಮರಳು ಜರಡಿ ಹಿಡಿದದ್ದು ದಪ್ಪವಾಯಿತೆಂದೆ. ಗೋಡೆಯ ಮೂಲೆ ಸೊಟ್ಟ ಇದೆಯೆಂದೆ. "ಗೋಡೆ ನಾನು ಕಟ್ಟಿದ್ದಲ್ಲಮ್ಮ" ಅಂದ. ಅವನು ಒಂದು ಕರಣೆ ಸಿಮೆಂಟು ಹಾಕುವಷ್ಟರಲ್ಲಿ ನಾನು ಎರಡು ಸಲ ಇಣುಕುತ್ತೇನಂತೆ. ನನ್ನ ಮನೆ, ನಾನು ಇಣುಕುತ್ತೇನೆ. ಅಂಗಡಿಯಲ್ಲಿ ನನ್ನ ಕೆಲಸವನ್ನು ಯಾರಾದರೂ ಹೀಗೆ ತಲೆಯ ಮೇಲೆ ನಿಂತು ನೋಡಿದರೆ ಕತ್ತರಿ ಎಸೆದು ಎದ್ದುಹೋಗುತ್ತಿದ್ದೆ, ಅದು ಬೇರೆ ವಿಷಯ.

ಹೊಸಿಲಿನ ಕಲ್ಲು ಕಿತ್ತಾಯಿತು. ಈಗ ಬಚ್ಚಲಿಂದ ನಡುಮನೆಗೆ, ಅಲ್ಲಿಂದ ಅಕ್ಕನ ಕೋಣೆಗೆ ಒಂದೇ ನೆಲ.

ಮಾರ್ಚ್ 17, ಸೋಮವಾರ

ಇವತ್ತು ಟೈಲ್ಸು ಕೂರಿಸುವ ದಿನ. ನಾನು ಆಸ್ಪತ್ರೆಗೆ ಹೋಗಲೇಬೇಕಿತ್ತು, ಹೊಲಿಗೆ ಬಿಚ್ಚುವವರಿದ್ದರು. ನನ್ನ ಹೊಲಿಗೆಯಲ್ಲ, ಅಕ್ಕನದು. ಚಪ್ಪಲಿ ಮೆಟ್ಟಿ ನಿಂತು ಕಟ್ಟುನಿಟ್ಟಾಗಿ ಹೇಳಿದೆ:

"ನೋಡಪ್ಪ, ನೆಲ ಸಮ ಇರಬೇಕು. ಒಂದು ನೂಲೂ ಹೆಚ್ಚುಕಮ್ಮಿ ಆಗಬಾರದು."

ಅವನು ಕರಣೆ ಕೆಳಗಿಟ್ಟ. "ಒಂದು ನೂಲೂ ಬೇಡ್ವಾ? ಅಡಿಗೆ ಎರಡು ನೂಲಾದ್ರೂ ಬಿಡಬೇಕಮ್ಮ."

"ಒಂದು ನೂಲೂ ಬೇಡ."

"ಖಂಡಿತಾನಾ?"

"ಎಷ್ಟು ಸಲ ಹೇಳ್ಬೇಕು? ವಾಕರ್ ಇಟ್ಕೊಂಡು ನಡೆಯೋರು ಅವರು, ನೀನಲ್ಲ."

ಅವನು ಗೋಡೆಗೊರಗಿಸಿದ್ದ ರಸಮಟ್ಟವನ್ನು ಒರೆಸಿ ಕೈಗೆತ್ತಿಕೊಂಡ. ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಂತರೆ ನೆಲ ಸಮವಾಯಿತು ಅಂತ ಲೆಕ್ಕ. ಬಂದು ನೋಡುವಾಗ ಮೂವತ್ತೈದೂ ಕೂತಿದ್ದವು. ಎಲ್ಲಿಟ್ಟರೂ ಗುಳ್ಳೆ ನಟ್ಟನಡುವೆ. ಇಸ್ತ್ರಿ ಮಾಡಿದ ಬಟ್ಟೆಯ ಹಾಗಿತ್ತು ನೆಲ. ನನಗೇ ಹೆಮ್ಮೆಯಾಯಿತು. ಎರಡು ದಿನ ಕಾಲಿಡಬೇಡಿ ಎಂದು ಹೇಳಿ ಮುಖ ಕೊಡದೆ ಹೋದ.

ಮಾರ್ಚ್ 19, ಬುಧವಾರ

ಬಕೆಟ್ ತುಂಬ ನೀರು ಸುರಿದೆ. ನೀರು ಎಲ್ಲಿಗೂ ಹೋಗಲಿಲ್ಲ. ಮೂವತ್ತೈದು ಟೈಲ್ಸಿನ ಮೇಲೂ ಸಮನಾಗಿ ಹರಡಿಕೊಂಡು, ಯಾರಾದರೂ ದಾರಿ ಹೇಳಲಿ ಎಂದು ಕಾಯುವ ಹಾಗೆ ನಿಂತಿತು. ಆಮೇಲೆ ಹೊಸಿಲಿಲ್ಲದ ಬಾಗಿಲು ದಾಟಿ ನಡುಮನೆಗೆ ಬಂದು ನಿಧಾನವಾಗಿ ಅಕ್ಕನ ಕೋಣೆಯ ಕಡೆ ತಿರುಗಿತು. ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಅಡ್ಡ ಎಸೆದೆ. ಅದರಲ್ಲಿ ಗಿರಾಕಿಯ ಲಂಗವೊಂದು ಇತ್ತು.

ಟೈಲ್ಸಿನವನನ್ನು ಫೋನು ಮಾಡಿ ಕರೆಸಿ ಬಾಯಿಗೆ ಬಂದ ಹಾಗೆ ಬೈದೆ.

"ನೀವೇ ಹೇಳಿದ್ರಲ್ಲಮ್ಮ, ಒಂದು ನೂಲೂ ಬೇಡ ಅಂತ."

"ಒಂದು ನೂಲಿಗೂ ನೀರು ನಿಲ್ಲೋದಕ್ಕೂ ಏನಪ್ಪ ಸಂಬಂಧ?" ಮಷಿನಿನ ಮೇಲಿನ ಉಂಡೆಯಿಂದ ದಾರದ ಎಳೆ ಕಿತ್ತು ಅವನ ಮುಖದ ಮುಂದೆ ಹಿಡಿದೆ. "ನೂಲು ಅಂದ್ರೆ ಇದು! ಇಷ್ಟೂ ವ್ಯತ್ಯಾಸ ಬೇಡ, ಅಚ್ಚುಕಟ್ಟಾಗಿ ಮಾಡು ಅಂದೆ."

ಅವನು ದಾರವನ್ನೂ ನನ್ನನ್ನೂ ನೋಡಿದ. ನನ್ನ ಕೊರಳಲ್ಲಿದ್ದ ಟೇಪನ್ನೇ ತೆಗೆದುಕೊಂಡು ಒಂದಿಂಚಿನ ಗೆರೆಯ ಮೇಲೆ ಉಗುರಿಟ್ಟ. "ನಮ್ಮಲ್ಲಿ ಇಂಚಿಗೆ ಎಂಟು ನೂಲು. ಇದರ ಎಂಟನೇ ಒಂದು ಪಾಲು ಒಂದು ನೂಲು. ಅಡಿಗೆ ಎರಡು ನೂಲು ಇಳಿಸಿದ್ರೆ ನೀರು ತಾನಾಗಿ ಹೋಗತ್ತೆ, ಕಾಲಿಗೆ ಗೊತ್ತೂ ಆಗಲ್ಲ, ವಾಕರೂ ಅಲ್ಲಾಡಲ್ಲ. ಬೇಡ ಅಂದ್ರಿ. ಖಂಡಿತಾನಾ ಅಂತಲೂ ಕೇಳ್ದೆ."

"ಬಚ್ಚಲಿಗೆ ವಾಟ ಬೇಕು ಅಂತ ನಿನಗೆ ಗೊತ್ತಿರ್ಲಿಲ್ವಾ? ಗೊತ್ತಿದ್ದೂ ಮಾಡಿದೆಯಾ?"

"ಇಪ್ಪತ್ತಾರು ವರ್ಷದಲ್ಲಿ ವಾಟ ಇಲ್ಲದ ಬಚ್ಚಲು ಇದೇ ಮೊದಲು ಹಾಕಿದ್ದು. ಕೈ ಬರ್ತಿರ್ಲಿಲ್ಲ. ಆದ್ರೆ ಹತ್ತು ದಿನದಿಂದ ನಾನು ಬಾಯಿ ತೆಗೆದ್ರೆ ಸಾಕು ನೀವು ಮುಚ್ಚಿಸ್ತಿದ್ರಿ. ಬೇರೆಯವರನ್ನ ನೋಡ್ಕೊಳ್ಳಿ ಅಮ್ಮ." ಟೇಪನ್ನು ಸುತ್ತಿ ಮಷಿನಿನ ಮೇಲಿಟ್ಟು ಹೋಗಿಯೇಬಿಟ್ಟ.

ಇನ್ನು ಒಂಬತ್ತು ದಿನ. ಸಂಜೆ ತಮ್ಮ ಫೋನು ಮಾಡಿ, "ರೂಮಿಗೆ ಬಣ್ಣ ಹೊಡೆಸಿದೀನಿ, ಅಕ್ಕನಿಗೆ ತಿಳಿಹಳದಿ ಇಷ್ಟ ಅಲ್ವಾ?" ಅಂದ. ಹೂಂ ಅಂದೆ. ಇಷ್ಟವೇ ಹೌದು.

ಮಾರ್ಚ್ 20, ಗುರುವಾರ

ಅಂಗಡಿ ತೆರೆಯಲಿಲ್ಲ. ಅಪ್ಪನ ಪೆಟ್ಟಿಗೆಯಿಂದ ಉಳಿ ಸುತ್ತಿಗೆ ತೆಗೆದು ಬೆಳಿಗ್ಗೆ ಏಳಕ್ಕೆ ಕೂತೆ. ಸಿಮೆಂಟು ಇನ್ನೂ ಪೂರ್ತಿ ಬಿಗಿದಿರಲಿಲ್ಲ. ಮಧ್ಯಾಹ್ನದೊಳಗೆ ಇಪ್ಪತ್ತೆರಡು ಎದ್ದವು, ನಾಲ್ಕು ಒಡೆದವು. ಹೆಬ್ಬೆರಳು ಬಾತಿದೆ, ಈ ಅಕ್ಷರ ಹೀಗೆ ಸೊಟ್ಟ ಬರುತ್ತಿರುವುದು ಅದಕ್ಕೇ.

ಕೆತ್ತುತ್ತಾ ಕೂತರೆ ಬೇಡದ್ದೆಲ್ಲ ತಲೆಗೆ ಬರುತ್ತದೆ. ಬರೆದೇಬಿಡುತ್ತೇನೆ, ಓದುವವರು ಯಾರಿದ್ದಾರೆ.

ನಮ್ಮ ಬಚ್ಚಲಲ್ಲಿ ಯಾವಾಗಲೂ ಅಕ್ಕ ಮೊದಲು, ನಾನು ಆಮೇಲೆ. ನಾನು ಹೋಗುವಾಗ ನೆಲ ಒಣಗಿರುತ್ತಿತ್ತು. ನನ್ನದು ಮುಗಿದ ಮೇಲೆ ಒದ್ದೆ ಕಾಲಲ್ಲಿ ಹೊರಬಂದು ಅಂಗಡಿಗೆ ಓಡುತ್ತಿದ್ದೆ. ಸಂಜೆ ಬಂದರೆ ಮತ್ತೆ ಒಣಗಿರುತ್ತಿತ್ತು. ನೆಲ ಒಳ್ಳೆಯದು ಎಂದುಕೊಂಡಿದ್ದೆ. ಮೂವತ್ತು ವರ್ಷ, ದಿನಕ್ಕೆ ಎರಡು ಸಲ, ಆ ಉಲ್ಟಾ ವಾಟದ ನೀರನ್ನು ಬಾಗಿಲಿಂದ ಜಾಲರಿಯವರೆಗೆ ತಳ್ಳಿದ್ದು ಅಕ್ಕ. ಒಮ್ಮೆ ತನ್ನದು, ಒಮ್ಮೆ ನನ್ನದು. ಒಂದು ದಿನವೂ ಹೇಳಲಿಲ್ಲ.

ಆವತ್ತು ಯೂನಿಫಾರಂ ಕೊಡುವ ದಿನ. ನನಗೆ ಅವಸರ, ಅಕ್ಕನನ್ನು ಪಕ್ಕಕ್ಕೆ ಸರಿಸಿ ಮೊದಲು ನಾನು ಹೋದೆ. ನೀರೆಲ್ಲ ಬಾಗಿಲ ಹತ್ತಿರವೇ ಬಿಟ್ಟು ಬಂದೆ, ಸೋಪಿನ ನೊರೆ ಸಮೇತ. ನನ್ನ ಹಿಂದೆಯೇ ಅಕ್ಕ ಕಾಲಿಟ್ಟಳು.

ಟೈಲ್ಸು ಅಂದೆ. ಡಾಕ್ಟರಿಗೆ, ತಮ್ಮನಿಗೆ, ಮೇಲಿನ ಮನೆಯಾಕೆಗೆ, ಎಲ್ಲರಿಗೂ ಟೈಲ್ಸು ಅಂದೆ. ಈ ಪುಸ್ತಕಕ್ಕೂ ಅದನ್ನೇ ಹೇಳಿದ್ದೆ.

ಉಳಿದ ಹದಿಮೂರನ್ನೂ ಕಿತ್ತು ಮುಗಿಸಿಯೇ ಎದ್ದೆ.

ಮಾರ್ಚ್ 21, ಶುಕ್ರವಾರ

ಟೈಲ್ಸಿನವರನ್ನು ಹುಡುಕಿಕೊಂಡು ಹೋದೆ. ಇನ್ನೊಂದು ಬೀದಿಯಲ್ಲಿ ಯಾರದೋ ಮೆಟ್ಟಿಲು ಮಾಡುತ್ತಿದ್ದರು. ಕ್ಷಮೆ ಕೇಳುವುದು ಹೇಗೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಎದುರು ನಿಂತಾಗ ಒಂದೂ ನೆನಪಾಗಲಿಲ್ಲ. ಬಾತ ಹೆಬ್ಬೆರಳು ತೋರಿಸಿ, "ಎಲ್ಲಾ ಕಿತ್ತಿದೀನಿ. ತಪ್ಪು ನಂದೇ. ಬಂದು ಮಾಡಿಕೊಡಿ ಮೇಸ್ತ್ರಿ" ಅಂದೆ.

"ಒಬ್ರೇ ಕಿತ್ರಾ? ಮೂವತ್ತೈದೂ?"

"ನಾಲ್ಕು ಒಡೀತು."

"ಐದು ಹೆಚ್ಚಿಗೆ ಇದೆಯಲ್ಲ" ಅಂದರು. ಬರುತ್ತೇನೆ ಎನ್ನುವುದನ್ನು ಹಾಗೆ ಹೇಳಿದರು. ಆಮೇಲೆ, "ನಂದೂ ತಪ್ಪಿದೆ ಅಮ್ಮ. ಸಿಟ್ಟಲ್ಲಿ ಕೆಲಸ ಕೆಡಿಸಬಾರದಿತ್ತು" ಅಂದರು.

ಮಾರ್ಚ್ 22, ಶನಿವಾರ

ದಿನವಿಡೀ ಬಾಗಿಲಾಚೆ ಕೂತು ಹಳೆ ಟೈಲ್ಸಿಗೆ ಅಂಟಿದ ಸಿಮೆಂಟು ಕೆರೆದು ಕೊಟ್ಟೆ. ಗೋಡೆಯಿಂದ ಗೋಡೆಗೆ ದಾರ ಎಳೆದು ಇಳಿಜಾರು ಹಿಡಿಯಬೇಕಿತ್ತು, ಅವರ ದಾರ ಕಡಿಯಿತು. ನನ್ನ ಮಷಿನಿನ ದಪ್ಪ ನೂಲು ಕೊಟ್ಟೆ. "ಇದು ಯಾವ ನೂಲು ಅಮ್ಮ, ನಿಮ್ದಾ ನಮ್ದಾ?" ಎಂದು ಕೇಳಿದರು. ಇಬ್ಬರೂ ನಕ್ಕೆವು.

ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮೂರು ಸಲ ಮಾತ್ರ ಮಾತಾಡಿದೆ.

ಮಾರ್ಚ್ 25, ಮಂಗಳವಾರ

ಸಂದಿಗಳಿಗೆ ಬಿಳಿ ಸಿಮೆಂಟು ತುಂಬಿಯಾಯಿತು. ಗೋಡೆಗೆ ಹಿಡಿದುಕೊಳ್ಳುವ ಸರಳು ಎರಡು, ಒಂದು ಅಕ್ಕನ ಎತ್ತರಕ್ಕೆ, ಒಂದು ಕುರ್ಚಿಯ ಎತ್ತರಕ್ಕೆ. ಮೇಸ್ತ್ರಿ ಒಂದು ಚೊಂಬು ನೀರು ಕೇಳಿದರು. ಈ ಸಲ ಚೊಂಬಿನಲ್ಲೇ ತಂದೆ. ನೀವೇ ಹಾಕಿ ಅಂದರು. ಬಾಗಿಲಲ್ಲಿ ಸುರಿದ ನೀರು ಅತ್ತಿತ್ತ ನೋಡದೆ ಜಾಲರಿಗೆ ಹೋಗಿ ಇಳಿಯಿತು.

ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, "ನಾಲ್ಕೈದು ದಿನದಿಂದ ನೀವು ಸ್ನಾನ ಮಾಡಿ ಹೋದ್ಮೇಲೆ ನನ್ನ ಬಚ್ಚಲು ಮೊದಲಿಗಿಂತ ಚೊಕ್ಕಟವಾಗಿರತ್ತೆ, ಏನ್ ಸಮಾಚಾರ?" ಅಂದಳು. ಈಕೆಗೆ ಏನಾದರೂ ಒಂದು ಹೇಳದಿದ್ದರೆ ಆಗದು.

ಮಾರ್ಚ್ 27, ಗುರುವಾರ

ನೆಲ ಸಿದ್ಧ. ನಾನು ಇಲ್ಲ. ಹೇಳದೆ ಇದ್ದರೆ ಅಕ್ಕ ಹೊಸ ನೆಲ ನೋಡಿ ಉಳಿದುಕೊಳ್ಳಬಹುದು. ಹೇಳಿದರೆ ಬಂದ ಕಾರಲ್ಲೇ ಹೋಗಬಹುದು. ಹೇಳುತ್ತೇನೆ. ಮೇಸ್ತ್ರಿಗೆ ಹೇಳಲು ಬಂದದ್ದು ಅಕ್ಕನಿಗೆ ಹೇಳಲು ಬಾರದೆ ಇರುತ್ತದೆಯೇ.

ಮಾರ್ಚ್ 28, ಶುಕ್ರವಾರ

ಹನ್ನೊಂದಕ್ಕೆ ಬಂದರು. ತಮ್ಮ ಅಕ್ಕನ ಬ್ಯಾಗನ್ನು ಕಾರಿನಿಂದ ಇಳಿಸಲಿಲ್ಲ, ಕೀ ಕೈಯಲ್ಲೇ ತಿರುಗಿಸುತ್ತಾ ನಿಂತ. ಅಕ್ಕ ವಾಕರ್ ಊರಿಕೊಂಡು ನಡುಮನೆ ದಾಟಿ ಸೀದಾ ಬಚ್ಚಲ ಬಾಗಿಲಿಗೆ ಬಂದಳು. ನೆಲ ನೋಡಿದಳು, ಸರಳು ನೋಡಿದಳು, ಬಾಗಿಲ ಹಿಂದೆ ಇಣುಕಿದಳು. ವೈಪರ್ ಅಲ್ಲೇ ಇತ್ತು, ಹಳೆಯದೇ ಕೋಲು, ಹೊಸ ರಬ್ಬರು.

"ನೀರು ಹಾಕು ನೋಡೋಣ" ಅಂದಳು. ಹಾಕಿದೆ. ಹೋಯಿತು. ಅಕ್ಕ ಕೊನೆಯ ಹನಿಯವರೆಗೂ ನೋಡಿದಳು.

"ಕೊನೆಗೂ ಸರಿಯಾಯ್ತು. ಅಪ್ಪ ಮೇಸ್ತ್ರಿಯ ತಲೆ ಮೇಲೆ ನಿಂತು, ಹಾಗಲ್ಲ ಹೀಗೆ ಅಂತ ಹೇಳಿ ಹೇಳಿ ವಾಟ ಕೆಡಿಸಿದ್ದು. ನೀನು ಸುಮ್ನೆ ಬಿಟ್ಟೆಯಲ್ಲ, ಆಶ್ಚರ್ಯ."

ನಾನೂ ಒಮ್ಮೆ ಕೆಡಿಸಿದ್ದನ್ನು ಆಮೇಲೆ ಹೇಳಬಹುದು. ಮೊದಲು ಹೇಳಬೇಕಾದದ್ದು ಬೇರೆ ಇತ್ತು.

"ಅಕ್ಕಾ, ಆವತ್ತು ಟೈಲ್ಸು ಜಾರಿದ್ದಲ್ಲ. ನಾನು ನೀರು ತಳ್ಳದೆ ಬಂದಿದ್ದೆ."

"ಗೊತ್ತು ಕಣೇ. ಕಾಲಡಿ ನೀರು ಇನ್ನೂ ಬೆಚ್ಚಗಿತ್ತು."

ಮೂವತ್ತೇಳು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದ್ದಳು. "ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯೇನೋ ಅಂತ ಕಾದೆ. ಬಿದ್ದವಳನ್ನ ಎತ್ತೋವಾಗಲೂ 'ಹಾಳಾದ ಟೈಲ್ಸು' ಅಂದ್ಯಲ್ಲ? ಈ ಬಚ್ಚಲಿಗೆ ಬರಲ್ಲ ಅಂದಿದ್ದು ನೆಲಕ್ಕೆ ಹೆದರಿ ಅಲ್ಲ." ವಾಕರನ್ನು ಎರಡು ಸಲ ನೆಲಕ್ಕೆ ಕುಟ್ಟಿ ನೋಡಿದಳು. ಆಮೇಲೆ ತಿರುಗಿ ತಮ್ಮನಿಗೆ, "ಬ್ಯಾಗು ಒಳಗಿಡೋ" ಅಂದಳು.

ತಮ್ಮ, "ಬಣ್ಣ ಹೊಡೆಸಿದ್ನಲ್ಲಕ್ಕ" ಅಂದ.

"ವಾರಕ್ಕೊಂದ್ಸಲ ಬಂದು ಬಣ್ಣ ನೋಡ್ಕೊಂಡು ಹೋಗ್ತೀನಿ ಕಣೋ."

ನಾನು ಅತ್ತೆ. ಅದನ್ನೂ ಬರೆಯುತ್ತೇನೆ, ಅತ್ತೆ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಅಕ್ಕ, "ನೀನು ಮೊದ್ಲು ಹೋಗು. ನಂಗೀಗ ನಿಧಾನ" ಅಂದಳು. ಹೋದೆ. ಸ್ನಾನ ಮುಗಿದು ಎಷ್ಟೋ ಹೊತ್ತಾದ ಮೇಲೆ ಅವಳು ವಾಕರಿನಿಂದ ಬಾಗಿಲು ತಟ್ಟಿದಳು.

"ಏನೇ ಮಾಡ್ತಿದೀಯಾ ಇಷ್ಟು ಹೊತ್ತು?"

"ನೀರು ತಳ್ತಿದೀನಿ."

"ತಾನಾಗೇ ಹೋಗತ್ತಲ್ಲೇ!"

"ಹೋಗಲಿ. ನಾನೂ ತಳ್ತೀನಿ."